ಮೀನಿನ ಕಿವಿಗಲ್ಲು: ಗೆರೆ ಎಣಿಸಿದರೆ ಸಾಲದೇ?

ಪ್ರಶ್ನೆ: ನಮ್ಮದು ಕುಂಬಳೆಯ ಹತ್ತಿರ. ಕಳೆದ ವಾರ ಕಲ್ಲೂರು ಮೀನಿನ ಪುಳಿಮುಂಚಿ ಮಾಡಿದ್ದೆವು. ತಲೆಯ ತುಂಡು ತಿನ್ನುವಾಗ ಎರಡು ಬಿಳಿ ಕಲ್ಲುಗಳು ಹಲ್ಲಿಗೆ ಸಿಕ್ಕಿದವು. ಬಿ.ಎಸ್ಸಿ. ಓದುವ ಮಗಳು ಅದನ್ನು ಕಾಲೇಜಿಗೆ ಒಯ್ದಳು. ‘ಇದು ಮೀನಿನ ಕಿವಿಯ ಕಲ್ಲು, ಇದರೊಳಗಿನ ಪ್ರೋಟೀನ್ ನೋಡಿ ಮೀನಿನ ಬದುಕನ್ನೇ ತಿಳಿಯಬಹುದು’ ಎಂದು ಅವಳ ಅಧ್ಯಾಪಕರು ಹೇಳಿದರಂತೆ. ಕಲ್ಲಿನಲ್ಲಿ ಪ್ರೋಟೀನ್ ಎಲ್ಲಿಂದ ಬಂತು? ಮರದ ಹಾಗೆ ಗೆರೆ ಎಣಿಸಿದರೆ ವಯಸ್ಸು ಸಿಗುತ್ತದೆ ಎಂದಾದರೆ ಪ್ರೋಟೀನಿನ ಗೊಡವೆ ಏಕೆ? ನಾವು ಇಂಥ ಕಲ್ಲುಗಳನ್ನು ಕೂಡಿಟ್ಟರೆ ಯಾರಿಗಾದರೂ ಉಪಯೋಗವಿದೆಯೇ?

ಉತ್ತರ: ಆ ಎರಡು ಕಲ್ಲುಗಳಲ್ಲಿ ಒಂದನ್ನು ಎತ್ತಿಟ್ಟುಕೊಳ್ಳಿ, ಇನ್ನೊಂದರ ಆಸೆ ಬಿಡಿ. ಗಾಜಿನ ಲೋಟದಲ್ಲಿ ವಿನೆಗರ್ ಹಾಕಿ ಎರಡನೆಯದನ್ನು ಅದರಲ್ಲಿ ಮುಳುಗಿಸಿ. ಕಲ್ಲಿನ ಮೈಯಿಂದ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಏಳುತ್ತವೆ. ನಡುವೆ ಒಮ್ಮೆ ವಿನೆಗರ್ ಬದಲಿಸಿ, ಒಂದೆರಡು ದಿನ ಅಲುಗಾಡಿಸದೆ ಬಿಡಿ. ಬಿಳಿ ಬಣ್ಣ ಹೋಗಿ, ಗಟ್ಟಿತನ ಹೋಗಿ, ಕೊನೆಗೆ ತಳದಲ್ಲಿ ಎಳೆ ಬೊಂಡದ ಗಂಜಿಯಂಥ ಒಂದು ಪೊರೆ ಉಳಿಯುತ್ತದೆ. ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ, ಮುಟ್ಟಿದರೆ ಹರಿಯುತ್ತದೆ. ನೀವು ಕೇಳಿದ ಪ್ರೋಟೀನ್ ಅದೇ. ಕರಗಿ ಹೋದದ್ದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಮರುವಾಯಿ ಚಿಪ್ಪಿನ ದ್ರವ್ಯ. ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಅದೇ ಇರುತ್ತದೆ. ಪ್ರೋಟೀನು, ಅದರ ಜೊತೆಗಿರುವ ಸಕ್ಕರೆಯ ಅಂಶಗಳೆಲ್ಲ ಸೇರಿ ಹೆಚ್ಚಿನ ಮೀನುಗಳಲ್ಲಿ ನೂರಕ್ಕೆ ಒಂದೆರಡು ಪಾಲು.

ಒಂದೆರಡು ಪಾಲು ಎಂದಾಕ್ಷಣ ಅದನ್ನು ಕಸವೆಂದು ಬಗೆಯಬೇಡಿ. ನಾನೂ ಬಹಳ ವರ್ಷ ಹಾಗೆಯೇ ಬಗೆದಿದ್ದೆ. ಪ್ರಯೋಗಾಲಯದಲ್ಲಿ ಗೆರೆ ಎಣಿಸುವುದೇ ನನ್ನ ಕೆಲಸವಾಗಿತ್ತು. ಕಲ್ಲನ್ನು ಅಂಟಿನಲ್ಲಿ ಹುದುಗಿಸುವುದು, ಕಾಗದದಷ್ಟು ತೆಳ್ಳಗೆ ಉಜ್ಜುವುದು, ಆಮ್ಲ ಸವರಿ ಗೆರೆ ಎದ್ದು ಕಾಣುವಂತೆ ಮಾಡುವುದು, ಆಮೇಲೆ ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ್ಣು ನೋಯುವವರೆಗೆ ಎಣಿಸುವುದು. ಆ ಗೆರೆಯನ್ನು ಗೆರೆಯಾಗಿ ಮಾಡುತ್ತಿರುವುದೇ ಪ್ರೋಟೀನ್ ಎಂಬುದು ಪುಸ್ತಕದಲ್ಲಿ ಓದಿ ಗೊತ್ತಿತ್ತು, ತಲೆಗೆ ಹೋಗಿರಲಿಲ್ಲ.

ಮೊದಲು ಕಲ್ಲು ಅಲ್ಲೇನು ಮಾಡುತ್ತದೆ ಎಂದು ನೋಡೋಣ. ಮೀನಿಗೆ ಹೊರಗಿವಿಯಿಲ್ಲ. ಮೀನಿನ ಮೈಗೂ ನೀರಿಗೂ ಸಾಂದ್ರತೆಯಲ್ಲಿ ಹೆಚ್ಚು ಅಂತರವಿಲ್ಲದ ಕಾರಣ ನೀರಿನಲ್ಲಿ ಬಂದ ಶಬ್ದ ಮೀನನ್ನೂ ತನ್ನ ಜೊತೆ ತುಯ್ಯುತ್ತಾ ದಾಟಿಹೋಗುತ್ತದೆ. ಎಲ್ಲವೂ ಒಟ್ಟಿಗೆ ಅಲುಗಿದರೆ ಕೇಳಿಸುವುದು ಹೇಗೆ? ಅದಕ್ಕಾಗಿ ಒಳಕಿವಿಯ ಚೀಲದೊಳಗೆ ಮೈಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಸಾಂದ್ರವಾದ ಒಂದು ಕಲ್ಲಿದೆ. ಮೈ ಅಲುಗಿದಾಗ ಅದು ಒಂದು ಕ್ಷಣ ಹಿಂದೆ ಬೀಳುತ್ತದೆ. ಅದರಡಿಯ ಕೂದಲಿನಂಥ ಜೀವಕೋಶಗಳು ಬಾಗುತ್ತವೆ, ಮೀನಿಗೆ ಕೇಳಿಸುತ್ತದೆ. ತಲೆ ಮೇಲೋ ಕೆಳಗೋ ಎಂಬ ತೂಕದ ಅರಿವೂ ಕಿವಿಗಲ್ಲುಗಳಿಂದಲೇ. ಪ್ರತಿ ಕಿವಿಗೆ ಮೂರರಂತೆ ಒಟ್ಟು ಆರು ಕಲ್ಲುಗಳಿವೆ: ಸ್ಯಾಜಿಟ, ಲ್ಯಾಪಿಲಸ್, ಆಸ್ಟರಿಸ್ಕಸ್. ನಿಮ್ಮ ಹಲ್ಲಿಗೆ ಸಿಕ್ಕಿದ್ದು ಸ್ಯಾಜಿಟದ ಜೋಡಿ. ಹೊಟ್ಟೆಯೊಳಗಿನ ಗಾಳಿಚೀಲವನ್ನು ಬಡಿದು ಸದ್ದು ಹೊರಡಿಸುವ ಕಲ್ಲೂರು, ಕೊಡ್ಡಾಯಿಗಳಂಥ ಮೀನುಗಳಲ್ಲಿ ಇದು ಮೈಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ನಮ್ಮವರು ಇಟ್ಟ ಹೆಸರಿನಲ್ಲೇ ಕಲ್ಲು ಇದೆ. ಈ ಕುಲದ ಒಂದು ಪಂಗಡಕ್ಕೆ ವಿಜ್ಞಾನಿಗಳು ಇಟ್ಟ ಓಟೋಲಿಥೆಸ್ ಎಂಬ ಹೆಸರಿನಲ್ಲೂ ಕಿವಿಗಲ್ಲೇ ಇದೆ. ಕಡಲಿನ ಏಟ್ಟ ಎಂಬ ಮೀಸೆ ಮೀನಿನಲ್ಲಿ ಲೆಕ್ಕ ತಿರುಗುಮುರುಗು, ಅಲ್ಲಿ ದೊಡ್ಡದಾಗಿರುವುದು ಲ್ಯಾಪಿಲಸ್. ಬೂತಾಯಿ, ಬಂಗುಡೆಯ ಕಲ್ಲು ಅಕ್ಕಿಯ ನುಚ್ಚಿನಷ್ಟು. ತೊರಕೆ, ಶಾರ್ಕುಗಳಲ್ಲಿ ಹುಡುಕಲು ಹೋಗಬೇಡಿ. ಅವುಗಳ ಕಿವಿಯಲ್ಲಿರುವುದು ಹರಳಿನ ಪುಡಿ ಮಾತ್ರ. ಮನುಷ್ಯರದೂ ಅದೇ ಕಥೆ. ಆ ಪುಡಿ ಜಾಗ ತಪ್ಪಿದಾಗಲೇ ಕೆಲವರಿಗೆ ಮಲಗಿದಲ್ಲಿಂದ ಹೊರಳಿದರೆ ಮನೆಯೇ ಗಿರ್ರನೆ ತಿರುಗುವುದು.

ಇನ್ನು ಕಲ್ಲು ಕಟ್ಟುವ ಬಗೆ. ನಮ್ಮ ಊರಿನ ಟೆರೇಸು ಮನೆಗಳಿಗೆ ಸೆಂಟ್ರಿಂಗ್ ಕಟ್ಟುವುದನ್ನು ನೀವು ನೋಡಿರುತ್ತೀರಿ. ಹಲಗೆ ಜೋಡಿಸಿ, ಕಂಬಿ ಕಟ್ಟಿ, ಮೇಲೆ ಕಾಂಕ್ರೀಟು ಸುರಿದು, ಗಟ್ಟಿಯಾದ ಮೇಲೆ ಹಲಗೆ ಬಿಚ್ಚುತ್ತಾರೆ. ಮೀನು ಹಲಗೆ ಬಿಚ್ಚುವುದಿಲ್ಲ. ಒಳಕಿವಿಯ ಚೀಲದ ಗೋಡೆಯಲ್ಲಿರುವ ಜೀವಕೋಶಗಳು ಪ್ರೋಟೀನುಗಳನ್ನು ಕಿವಿಯ ದ್ರವಕ್ಕೆ ಸುರಿಸುತ್ತವೆ. ಅವು ಕಲ್ಲಿನ ಮೈಮೇಲೆ ಬಲೆಯಂತೆ ಹರಡಿಕೊಳ್ಳುತ್ತವೆ. ಆ ಬಲೆಯ ಕಣ್ಣುಗಳಲ್ಲಿ ಸುಣ್ಣದ ಹರಳು ಕೂರುತ್ತದೆ. ಅದರ ಮೇಲೆ ಮತ್ತೊಂದು ಬಲೆ, ಮತ್ತೊಂದು ಹರಳು. ಒಮ್ಮೆ ಕೂತದ್ದು ಮತ್ತೆ ಹೊರಬರುವುದಿಲ್ಲ. ಹಸಿವಾದಾಗ ಮೀನು ತನ್ನ ಕೊಬ್ಬನ್ನು, ಸ್ನಾಯುವನ್ನು, ಹುರುಪೆಯ ಸುಣ್ಣವನ್ನು ಕೂಡ ಕರಗಿಸಿ ಬದುಕಬಲ್ಲದು, ಆದರೆ ಕಿವಿಗಲ್ಲಿಗೆ ಕೈಹಾಕುವುದಿಲ್ಲ. ಆದ್ದರಿಂದ ಮರಿಯಾಗಿದ್ದಾಗಿನ ಪ್ರೋಟೀನ್ ಕಲ್ಲಿನ ನಡುವಿನಲ್ಲಿ, ಮೀನುಗಾರರ ಬಲೆಗೆ ಬೀಳುವ ಹಿಂದಿನ ದಿನದ್ದು ಅಂಚಿನಲ್ಲಿ, ಇಟ್ಟಲ್ಲೇ ಇರುತ್ತದೆ. ಮೀನಿನ ದೇಹದಲ್ಲಿ ಇಷ್ಟು ಕಟ್ಟುನಿಟ್ಟಾಗಿ ದಿನದ ಲೆಕ್ಕ ಇಡುವ ಜಾಗ ಇನ್ನೊಂದಿಲ್ಲ.

ಗೆರೆಯ ಗುಟ್ಟೂ ಇಲ್ಲೇ ಇದೆ. ಸುಣ್ಣ ಕೂರುವುದು, ಪ್ರೋಟೀನ್ ಕೂರುವುದು ಎರಡೂ ಇಡೀ ದಿನ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಹಗಲು ರಾತ್ರಿಯ ಚಕ್ರದಲ್ಲಿ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಸುಣ್ಣ ಹೆಚ್ಚಿರುವ ಪದರ ಒಂದು, ಪ್ರೋಟೀನ್ ಹೆಚ್ಚಿರುವ ಪದರ ಒಂದು, ಎರಡೂ ಸೇರಿ ಒಂದು ದಿನ. 1899ರಲ್ಲಿ ಜರ್ಮನಿಯ ಜೊಹಾನ್ನೆಸ್ ರೈಬಿಶ್ ಕಿವಿಗಲ್ಲಿನಲ್ಲಿ ವರ್ಷದ ಉಂಗುರಗಳನ್ನು ಗುರುತಿಸಿದ್ದರು. ದಿನದ ಗೆರೆಗಳನ್ನು ಲೋಕಕ್ಕೆ ತೋರಿಸಿದ್ದು 1971ರಲ್ಲಿ ಜಾರ್ಜಿಯೊ ಪನ್ನೆಲ್ಲಾ. ನಮ್ಮಂಥ ಬೆಚ್ಚನೆಯ ಕಡಲಿನವರಿಗೆ ಎರಡನೆಯದೇ ಹೆಚ್ಚು ಮುಖ್ಯ. ಚಳಿಗಾಲ ಬೇಸಿಗೆಗಳ ನಡುವೆ ಅಜಗಜಾಂತರವಿರುವ ಕಡಲುಗಳಲ್ಲಿ ವರ್ಷದ ಉಂಗುರ ಎದ್ದು ಕಾಣುತ್ತದೆ, ಮಂಜೇಶ್ವರದ ಕಡಲಿನಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಬೂತಾಯಿಯಂತೆ ಎರಡು ಮೂರು ವರ್ಷ ಬದುಕುವ ಮೀನಿಗೆ ದಿನದ ಗೆರೆಯೇ ಆಧಾರ.

ಅಂದರೆ ‘ಗೆರೆ ಎಣಿಸಿದರೆ ಸಾಲದೇ’ ಎಂದು ಕೇಳುವಾಗ ನೀವು ಆಗಲೇ ಪ್ರೋಟೀನನ್ನು ಎಣಿಸುತ್ತಿದ್ದೀರಿ. ಯಾವ ಪ್ರೋಟೀನ್ ಎಂದು ಕೇಳುವುದಷ್ಟೇ ಬಾಕಿ.

ಅದನ್ನು ಕೇಳಲು ಹೊರಟವರಿಗೆ ಮೊದಲು ಸಿಕ್ಕವು ಬೆರಳೆಣಿಕೆಯವು. ಒಂದರ ಹೆಸರು ಓಟೋಲಿನ್. ನಮ್ಮ ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ನಿನ ಕುಟುಂಬದ್ದು, ಬಲೆಯ ಹುರಿ ಎನ್ನಿ. ಜಪಾನಿನ ವಿಜ್ಞಾನಿಗಳು ಸಾಲ್ಮನ್, ಟ್ರೌಟ್ ಮೀನುಗಳ ಕಿವಿಯಲ್ಲಿ ಅದನ್ನೂ ಅದರ ಜೊತೆಗಾರ ಇನ್ನೊಂದು ಪ್ರೋಟೀನನ್ನೂ ಬಿಡಿಸಿ ತೋರಿಸಿದರು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪಟ್ಟೆಪಟ್ಟೆಯ ಜೀಬ್ರಾಮೀನಿನ ಭ್ರೂಣದಲ್ಲಿ ಓಟೋಲಿನ್ ತಯಾರಾಗದಂತೆ ತಡೆದಾಗ ಕಲ್ಲುಗಳು ನಿಂತಲ್ಲಿ ನಿಲ್ಲದೆ ಒಂದಕ್ಕೊಂದು ಅಂಟಿಕೊಂಡವು. ಜೊತೆಗಾರನನ್ನು ತಡೆದಾಗ ಕಲ್ಲು ಬೆಳೆಯದೆ ಸಣ್ಣದಾಗಿ ಉಳಿಯಿತು.

ನನಗೆ ಎಲ್ಲಕ್ಕಿಂತ ಮೆಚ್ಚಿಕೆಯಾದದ್ದು ಸ್ಟಾರ್‌ಮೇಕರ್ ಎಂಬ ಪ್ರೋಟೀನಿನ ಬಗ್ಗೆ 2003ರಲ್ಲಿ ಪ್ರಕಟವಾದ ಕೆಲಸ. ಇದೂ ಜೀಬ್ರಾಮೀನಿನದೇ. ಈ ಒಂದು ಪ್ರೋಟೀನನ್ನು ಕಡಿಮೆ ಮಾಡಿದಾಗ ಉರುಟಾಗಿ ನಯವಾಗಿ ಇರಬೇಕಾದ ಕಲ್ಲು ನಕ್ಷತ್ರದ ಹಾಗೆ ಮೂಲೆಮೂಲೆಯಾಗಿ ಬೆಳೆಯಿತು. ಒಳಗಿನ ಹರಳಿನ ಜೋಡಣೆಯೇ ಬೇರೆಯಾಗಿತ್ತು. ಕ್ಯಾಲ್ಸಿಯಂ ಕಾರ್ಬೊನೇಟ್ ಒಂದೇ ಆದರೂ ಅದು ಅರಗೊನೈಟ್, ಕ್ಯಾಲ್ಸೈಟ್, ವ್ಯಾಟರೈಟ್ ಎಂಬ ಮೂರು ರೂಪಗಳಲ್ಲಿ ಕಟ್ಟಿಕೊಳ್ಳಬಲ್ಲದು. ಮೀನಿನ ಸ್ಯಾಜಿಟ ಸಾಮಾನ್ಯವಾಗಿ ಅರಗೊನೈಟ್. ಪ್ರೋಟೀನ್ ತಪ್ಪಿದಾಗ ಅದು ಕ್ಯಾಲ್ಸೈಟ್ ಆಯಿತು. ಯಾವ ಹರಳು ಕಟ್ಟಬೇಕು, ಯಾವ ಆಕಾರಕ್ಕೆ ಕಟ್ಟಬೇಕು ಎಂದು ಹೇಳುವ ಮೇಸ್ತ್ರಿ ಆ ಒಂದೆರಡು ಪಾಲಿನೊಳಗೆ ಕುಳಿತಿದ್ದಾನೆ ಎಂದಾಯಿತು. ಇದು ಸಾಕಣೆ ಮಾಡುವವರಿಗೂ ಸಂಬಂಧಪಟ್ಟ ವಿಷಯ. ಸಾಕಿದ ಸಾಲ್ಮನ್ ಮೀನುಗಳಲ್ಲಿ ಕಾಡಿನವಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ ಗಾಜಿನಂತೆ ಪಾರದರ್ಶಕವಾದ ವ್ಯಾಟರೈಟ್ ಕಲ್ಲು ಕಂಡುಬಂದಿದೆ, ಅಂಥ ಮೀನಿಗೆ ಕಿವಿ ಮಂದ. ‘ಕಾಡಿನವು’ ಎಂದರೆ ಕಡಲಿನವು ಎಂದು ಓದಿಕೊಳ್ಳಿ. ಮೀನಿನ ವಿಷಯದಲ್ಲಿ ಈ ಪದ ಏಕೋ ನನ್ನ ಬಾಯಿಗೆ ಒಗ್ಗಿಲ್ಲ.

ಬೆರಳೆಣಿಕೆಯ ಕಾಲ ಹೋಯಿತು. ಆಸ್ಟ್ರೇಲಿಯದ ಬ್ಲ್ಯಾಕ್ ಬ್ರೀಮ್ ಎಂಬ ಅಳಿವೆಯ ಮೀನಿನ ಒಳಕಿವಿಯನ್ನು ಜಾಲಾಡಿ ಅಲ್ಲಿನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಪ್ರೋಟೀನುಗಳು ನೂರಾರು. ಮಾಡುವ ವಿಧಾನವನ್ನು ಹೇಳುವುದು ಸುಲಭ. ಕಲ್ಲಿನ ಹೊರಮೈಯನ್ನು ಚೆನ್ನಾಗಿ ಶುಚಿಮಾಡಿ, ಪುಡಿಮಾಡಿ, ಸುಣ್ಣವನ್ನು ಕರಗಿಸಿ, ಉಳಿದ ಪ್ರೋಟೀನನ್ನು ಕಿಣ್ವದಿಂದ ತುಂಡು ಮಾಡಿ, ಪ್ರತಿ ತುಂಡಿನ ತೂಕವನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆಯುತ್ತಾರೆ. ತುಂಡುಗಳ ತೂಕವನ್ನು ಆ ಜಾತಿಯ ಜೀನುಗಳ ಪಟ್ಟಿಯೊಡನೆ ತಾಳೆ ನೋಡಿದರೆ ಇದು ಇಂಥ ಪ್ರೋಟೀನು ಎಂದು ತಿಳಿಯುತ್ತದೆ. ಕೈಯಿಟ್ಟವರಿಗೆ ಮಾತ್ರ ಗೊತ್ತಾಗುವ ಸಂಗತಿ ಬೇರೆ. ನಾನು ಮೊದಲ ಬಾರಿ ಕಳುಹಿಸಿದ ಮಾದರಿಯ ಫಲಿತಾಂಶ ಬಂದಾಗ ಪಟ್ಟಿಯ ತುದಿಯಲ್ಲೇ ಕೆರಾಟಿನ್ ಇತ್ತು. ಕೆರಾಟಿನ್ ಚರ್ಮದ, ಕೂದಲಿನ ಪ್ರೋಟೀನು. ಮೀನಿನದಲ್ಲ, ನನ್ನದೇ. ಕೈಗವಸು ಹಾಕದೆ ಕಲ್ಲು ಮುಟ್ಟಿದ್ದರ ಫಲ. ಮೀನಿನ ಜೀವನಚರಿತ್ರೆ ಬರೆಯಲು ಹೋಗಿ ಆತ್ಮಕಥೆ ಬರೆದೆ ಎಂದು ಜೊತೆಯವರು ವರ್ಷಗಟ್ಟಲೆ ಗೇಲಿ ಮಾಡಿದರು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಕಲ್ಲಿನ ಸುಣ್ಣದ ಭಾಗ ಮುಖ್ಯವಾಗಿ ನೀರಿನ ಸುದ್ದಿ ಹೇಳುತ್ತದೆ. ಕ್ಯಾಲ್ಸಿಯಮ್ಮಿನ ಜಾಗದಲ್ಲಿ ಸ್ಟ್ರಾನ್ಷಿಯಂ, ಬೇರಿಯಂ ಧಾತುಗಳು ನುಸುಳಿಕೊಳ್ಳುತ್ತವೆ. ಉಪ್ಪುನೀರಿನಲ್ಲಿದ್ದ ಕಾಲದ ಪದರಗಳಲ್ಲಿ ಸಾಮಾನ್ಯವಾಗಿ ಸ್ಟ್ರಾನ್ಷಿಯಂ ಹೆಚ್ಚು, ಸಿಹಿನೀರಿನ ಕಾಲದಲ್ಲಿ ಬೇರಿಯಂ ಹೆಚ್ಚು. ಚಂದ್ರಗಿರಿಯ ಅಳಿವೆಯಲ್ಲಿ ಸಿಕ್ಕ ಕರಿಮೀನು ಹುಟ್ಟಿದ್ದು ಹೊಳೆಯ ಮೇಲ್ಭಾಗದಲ್ಲೋ ಅಳಿವೆಯಲ್ಲೋ ಎಂದು ಕೇಳಿದರೆ ಸುಣ್ಣ ಉತ್ತರ ಕೊಡಬಲ್ಲದು. ‘ಅದು ಎಲ್ಲಿತ್ತು’ ಎಂಬುದಕ್ಕೆ ಸುಣ್ಣ ಸಾಕು. ‘ಅಲ್ಲಿ ಅದು ಹೇಗಿತ್ತು’ ಎಂದು ಕೇಳಿದರೆ? ಹೊಟ್ಟೆ ತುಂಬಿತ್ತೇ, ಉಸಿರು ಕಟ್ಟಿತ್ತೇ, ಮೊಟ್ಟೆ ಕಟ್ಟುವ ಪ್ರಾಯಕ್ಕೆ ಬಂದಿತ್ತೇ? ಅದು ನೀರಿನ ಸುದ್ದಿಯಲ್ಲ, ಮೈಯ ಸುದ್ದಿ. ಮೈಯೊಳಗೆ ತಯಾರಾಗಿ ಕಲ್ಲಿಗೆ ಬಂದು ಸೇರುವ ವಸ್ತು ಪ್ರೋಟೀನು. ಮೈಯ ಸುದ್ದಿಯನ್ನು ಅಲ್ಲೇ ಹುಡುಕಬೇಕು.

ಇದನ್ನು ಮರೆತು ಮೋಸಹೋದದ್ದೂ ಉಂಟು. ಕಲ್ಲಿನಲ್ಲಿರುವ ಸತುವನ್ನು ಅಳೆದು ‘ಈ ಮೀನು ಸತು ಹೆಚ್ಚಿರುವ ನೀರಿನಲ್ಲಿತ್ತು’ ಎಂದು ಹೇಳುವ ಆಸೆ ಯಾರಿಗಾದರೂ ಬರುತ್ತದೆ. ಆದರೆ ಸತುವಿನ ಬಹುಪಾಲು ಸುಣ್ಣಕ್ಕಿಂತ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಮೀನಿನ ಬೆಳವಣಿಗೆ, ಮೊಟ್ಟೆ ಕಟ್ಟುವಿಕೆ ಇವುಗಳ ಪ್ರಕಾರ ರಕ್ತದ ಪ್ರೋಟೀನು ಬದಲಾದಾಗ ಸತುವೂ ಏರಿಳಿಯುತ್ತದೆ. ಹೆಣ್ಣು ಮೀನು ಮೊಟ್ಟೆ ಕಟ್ಟುವಾಗ ರಕ್ತದಲ್ಲಿ ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನು ತುಂಬಿಕೊಳ್ಳುತ್ತದೆ, ಆಗ ಸ್ಟ್ರಾನ್ಷಿಯಮ್ಮಿನ ಲೆಕ್ಕಕ್ಕೂ ಪೆಟ್ಟು. ನೀರನ್ನು ಓದುತ್ತಿದ್ದೇನೆ ಎಂದುಕೊಂಡವನು ಬಸುರಿಯ ರಕ್ತವನ್ನು ಓದುತ್ತಿರುತ್ತಾನೆ.

ನಮ್ಮ ಕರಾವಳಿಗೆ ಇದರಿಂದ ಏನು ಬಂತು ಎಂದರೆ, ಮತ್ತಿಯ ಕಥೆಯನ್ನೇ ತೆಗೆದುಕೊಳ್ಳಿ. ಕಾಸರಗೋಡು ಜಿಲ್ಲೆಯ ಹೊಸದುರ್ಗದಲ್ಲಿ ಮತ್ತಿ, ಮಂಜೇಶ್ವರದಲ್ಲಿ ಬೂತಾಯಿ, ಮೀನು ಅದೇ. 2012ರಲ್ಲಿ ಕೇರಳದಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕಿದ ಮೀನು 2021ರಲ್ಲಿ ನಾಲ್ಕು ಸಾವಿರ ಟನ್ನಿಗೂ ಕೆಳಗೆ ಇಳಿಯಿತು. ಆಮೇಲೆ ಮತ್ತೆ ಕಾಣಿಸಿಕೊಂಡಾಗ ಬುಟ್ಟಿಯಲ್ಲಿ ಬೆರಳುದ್ದದವೇ ಹೆಚ್ಚು. ಹತ್ತು ಸೆಂಟಿಮೀಟರಿಗಿಂತ ಚಿಕ್ಕ ಮತ್ತಿಯನ್ನು ಹಿಡಿಯಬಾರದು ಎಂದು ಕೇರಳದ ನಿಯಮ ಹೇಳುತ್ತದೆ. ನಿಯಮದ ಲೆಕ್ಕ ಉದ್ದದ್ದು. ಆದರೆ ಬುಟ್ಟಿಯಲ್ಲಿರುವ ಸಣ್ಣ ಮೀನು ಮರಿಯೋ, ತಿನ್ನಲು ಸಿಗದೆ ಕುಗ್ಗಿ ಉಳಿದ ಪ್ರಾಯದ ಮೀನೋ? ಗೆರೆ ಎಣಿಸಿದರೆ ವಯಸ್ಸು ಗೊತ್ತಾಗುತ್ತದೆ. ಕಲ್ಲನ್ನು ತೂಗಿದರೂ ಒಂದು ಸುಳಿವು ಸಿಗುತ್ತದೆ, ಏಕೆಂದರೆ ಮೀನು ಬೆಳೆಯದಿದ್ದರೂ ಕಲ್ಲು ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ಕುಗ್ಗಿದ ಮೀನಿನ ಮೈಗೆ ಹೋಲಿಸಿದರೆ ಕಲ್ಲು ದೊಡ್ಡದು. ಏಕೆ ಕುಗ್ಗಿತು ಎಂಬುದಕ್ಕೆ ಮಾತ್ರ ಗೆರೆಯ ಬಳಿ ಉತ್ತರವಿಲ್ಲ. ಮಳೆಗಾಲದಲ್ಲಿ ನಮ್ಮ ಕಡಲಕರೆಗೆ ಅಡಿಯಿಂದ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ ನೀರು ಮೇಲೇರಿ ಬರುತ್ತದೆ. ಅದು ತರುವ ಗೊಬ್ಬರದಿಂದ ಮೀನಿಗೆ ಮೇವು, ಅದೇ ನೀರಿನಿಂದ ಉಸಿರಿಗೆ ಕುತ್ತು. ಯಾವ ವರ್ಷ ಯಾವುದು ಮೇಲಾಯಿತು ಎಂದು ಮೀನಿನ ಮೈಯನ್ನೇ ಕೇಳಲು ಸಾಧ್ಯವಾದರೆ ಅದು ಸಣ್ಣ ಸಂಗತಿಯಲ್ಲ. ಮತ್ತಿಯ ಜೀನೋಮನ್ನು ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು 2023ರಲ್ಲಿ ಓದಿ ಪ್ರಕಟಿಸಿದ್ದಾರೆ. ಪ್ರೋಟೀನಿನ ತುಂಡುಗಳನ್ನು ತಾಳೆ ನೋಡಲು ಬೇಕಾದ ಪಟ್ಟಿ ಸಿದ್ಧವಿದೆ ಎಂದರ್ಥ.

ಹೀಗೆಲ್ಲ ಹೇಳಿ ನಾನು ನಿಮ್ಮ ಮಗಳ ಅಧ್ಯಾಪಕರಿಗಿಂತ ಹೆಚ್ಚು ಉತ್ಸಾಹ ತೋರಿಸಿದಂತಾಯಿತು. ಆದ್ದರಿಂದ ತೊಡಕನ್ನೂ ಹೇಳಬೇಕು. ‘ಮೀನಿನ ಬದುಕನ್ನೇ ತಿಳಿಯಬಹುದು’ ಎಂಬ ಮಾತು ಈಗ ಅರ್ಧ ನಿಜ. ಇಡೀ ಕಲ್ಲನ್ನು ಕರಗಿಸಿದರೆ ಮೊದಲ ದಿನದ ಪ್ರೋಟೀನೂ ಕೊನೆಯ ದಿನದ ಪ್ರೋಟೀನೂ ಒಂದೇ ಲೋಟಕ್ಕೆ ಬೀಳುತ್ತವೆ. ವರ್ಷಗಟ್ಟಲೆ ಬರೆದಿಟ್ಟ ದಿನದ ಲೆಕ್ಕದ ಪುಸ್ತಕವನ್ನು ರುಬ್ಬುಕಲ್ಲಿಗೆ ಹಾಕಿದಂತೆ: ಅಕ್ಷರವೆಲ್ಲ ಇದೆ, ತಾರೀಕು ಇಲ್ಲ. ತಾರೀಕು ಉಳಿಯಬೇಕಾದರೆ ಪದರ ಪದರವಾಗಿ ಕೊರೆದು ಪುಡಿ ತೆಗೆಯಬೇಕು. ಆಗ ಒಂದು ಪದರದಲ್ಲಿ ಸಿಗುವ ಪ್ರೋಟೀನು ಎಷ್ಟು? ಮತ್ತಿಯ ಒಂದು ಕಲ್ಲಿನ ತೂಕವೇ ಮಿಲಿಗ್ರಾಮಿನ ಲೆಕ್ಕದ್ದು, ಅದರಲ್ಲಿ ನೂರಕ್ಕೆ ಒಂದೆರಡು ಪಾಲು, ಆ ಪಾಲಿನಲ್ಲಿ ಒಂದು ತಿಂಗಳಿನ ಪಾಲು. ಯಂತ್ರಗಳು ವರ್ಷದಿಂದ ವರ್ಷಕ್ಕೆ ಸೂಕ್ಷ್ಮವಾಗುತ್ತಿವೆ ನಿಜ, ಆದರೆ ಸದ್ಯಕ್ಕೆ ನಿಮ್ಮ ಕಲ್ಲೂರಿನಂಥ ದೊಡ್ಡ ಕಲ್ಲಿನ ಮೀನೇ ಈ ಕೆಲಸಕ್ಕೆ ಹೇಳಿದ್ದು. ಇನ್ನೊಂದು ತೊಡಕು: ಪ್ರೋಟೀನು ಸಿಕ್ಕಿತು ಎಂದಮಾತ್ರಕ್ಕೆ ಅದು ಅಲ್ಲಿಗೆ ಕೆಲಸಕ್ಕಾಗಿ ಬಂದದ್ದೋ, ಕಿವಿಯ ದ್ರವದಲ್ಲಿ ತೇಲುತ್ತಿದ್ದದ್ದು ಹರಳಿನ ನಡುವೆ ಸಿಕ್ಕಿಬಿದ್ದದ್ದೋ ಎಂದು ಹೇಳಲಾಗದು. ಸಂತೆಗೆ ಬಂದವರೆಲ್ಲ ವ್ಯಾಪಾರಿಗಳಲ್ಲ.

ಪ್ರೋಟೀನುಗಳ ಹೆಸರು ಹಿಡಿಯದೆ ಅವುಗಳ ಒಟ್ಟು ಸಾರಜನಕವನ್ನು ಮಾತ್ರ ಅಳೆಯುವ ಸುಲಭದ ದಾರಿಯೊಂದಿದೆ, ಅದು ಈಗಾಗಲೇ ಫಲ ಕೊಡುತ್ತಿದೆ. ಸಾರಜನಕದಲ್ಲಿ ಹಗುರದ್ದು, ಭಾರದ್ದು ಎಂದು ಎರಡು ಬಗೆ. ಮೀನು ಮೀನನ್ನು ತಿನ್ನುತ್ತಾ ಮೇಲಿನ ಮೆಟ್ಟಿಲಿಗೆ ಹೋದಂತೆ ಭಾರದ್ದರ ಪಾಲು ಏರುತ್ತದೆ. ಹಳೆಯ ಕಲ್ಲಿನಲ್ಲಿ ಅದನ್ನು ಅಳೆದರೆ ಆ ಕಾಲದ ಮೀನು ಆಹಾರದ ಯಾವ ಮೆಟ್ಟಿಲಿನಲ್ಲಿತ್ತು ಎಂದು ಹೇಳಬಹುದು. ಸುಣ್ಣದೊಳಗೆ ಹೂತಿರುವ ಪ್ರೋಟೀನು ಚೆನ್ನಾಗಿ ಬಾಳಿಕೆ ಬರುವುದರಿಂದ ಪ್ರಾಚೀನ ವಸತಿಗಳ ಉತ್ಖನನದಲ್ಲಿ ಸಿಕ್ಕ ಕಲ್ಲುಗಳಿಗೂ ಈ ವಿಧಾನ ನಡೆಯುತ್ತದೆ. ವಯಸ್ಸು ನೋಡಲೆಂದೇ ಜಗತ್ತಿನಾದ್ಯಂತ 1999ರ ಒಂದೇ ವರ್ಷದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಕಿವಿಗಲ್ಲುಗಳನ್ನು ಪರೀಕ್ಷಿಸಲಾಗಿತ್ತು ಎಂಬ ಅಂದಾಜಿದೆ. ಅವುಗಳಲ್ಲಿ ಎಷ್ಟೋ ಇನ್ನೂ ಕಾಗದದ ಲಕೋಟೆಗಳಲ್ಲಿ ಕೂತಿವೆ. ಎಣಿಸಿ ಮುಗಿಯಿತು ಎಂದು ಎಸೆಯದೆ ಇಟ್ಟವರ ಕೈಗೆ ಈಗ ಹೊಸ ಕೆಲಸ ಬಂದಿದೆ.

ಕೂಡಿಡುವ ವಿಷಯ ಕೇಳಿದ್ದೀರಿ. ಪುಳಿಮುಂಚಿಯಲ್ಲಿ ಬೆಂದ ಕಲ್ಲು ಬೇಡ. ಹುಣಸೆಯ ಹುಳಿ ಹೊರಪದರವನ್ನು ತಿಂದಿರುತ್ತದೆ, ಬೆಂಕಿ ಪ್ರೋಟೀನನ್ನು ಕೆಡಿಸಿರುತ್ತದೆ. ಹಸಿ ತಲೆಯಿಂದ ತೆಗೆಯಬೇಕು. ತಲೆಯನ್ನು ಅಂಗಾತ ಹಿಡಿದು ಕಿವಿರುಗಳನ್ನು ಕಿತ್ತರೆ ತಲೆಬುರುಡೆಯ ಅಡಿಯಲ್ಲಿ ಎರಡು ಉಬ್ಬುಗಳು ಕಾಣುತ್ತವೆ. ಕಲ್ಲೂರಿನಲ್ಲಿ ಅವು ಬೆರಳಿಗೇ ಗೊತ್ತಾಗುವಷ್ಟು ದೊಡ್ಡವು. ಉಬ್ಬನ್ನು ಕತ್ತಿಯ ತುದಿಯಿಂದ ಮೆಲ್ಲನೆ ಒಡೆದು, ಕಲ್ಲನ್ನು ಚಿಮುಟದಿಂದ ಎತ್ತಿ, ಅಂಟಿದ ಪೊರೆಯನ್ನು ಶುದ್ಧ ನೀರಿನಲ್ಲಿ ತೆಗೆದು, ನೆರಳಲ್ಲಿ ಒಣಗಿಸಿ. ಫಾರ್ಮಲಿನ್‌ನಲ್ಲಿ ಹಾಕಬೇಡಿ, ಅದು ದಿನ ಕಳೆದಂತೆ ಹುಳಿಯಾಗಿ ಕಲ್ಲನ್ನೇ ಕರಗಿಸುತ್ತದೆ. ಕೈಗವಸು ಹಾಕುವಂತೆ ಮಗಳಿಗೆ ಹೇಳಿ, ನನ್ನ ಕಥೆಯನ್ನೂ ಹೇಳಿ. ಬಲ ಎಡ ಎರಡನ್ನೂ ಒಂದೇ ಲಕೋಟೆಯಲ್ಲಿಟ್ಟು, ಹಿಡಿದ ದಿನ, ಜಾಗ, ಮೀನಿನ ಉದ್ದ, ತೂಕ, ಗಂಡೋ ಹೆಣ್ಣೋ, ಮೊಟ್ಟೆಯಿತ್ತೇ ಎಂಬುದನ್ನು ಬರೆಯಿರಿ. ಇದಿಲ್ಲದ ಕಲ್ಲು ಬರೀ ಕಲ್ಲು. ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧವಿರುವಾಗ ಸಣ್ಣ ದೋಣಿಯವರು ತರುವ ಮೀನಿನ ಕಲ್ಲುಗಳನ್ನು ಬಿಡಬೇಡಿ. ಪೇಟೆಗೆ ಮೀನು ಕಡಿಮೆ ಬರುವ ದಿನಗಳಾದ್ದರಿಂದ ಸಂಗ್ರಹಗಳಲ್ಲಿ ಕೊರತೆ ಬೀಳುವುದು ಆಗಲೇ. ಮಂಗಳೂರಿನ ಸಮುದ್ರ ಮೀನುಗಾರಿಕಾ ಸಂಶೋಧನಾ ಕೇಂದ್ರ ನಿಮಗೆ ದೂರವಲ್ಲ. ಐವತ್ತು ಲಕೋಟೆ ಕೂಡಿದ ಮೇಲೆ ಮಗಳನ್ನು ಕಳುಹಿಸಿ, ಮೊದಲೇ ಬೇಡ.

ಲಕೋಟೆಯ ಮೇಲೆ ಬರೀ ‘ಕಲ್ಲೂರು’ ಎಂದು ಬರೆದರೆ ಸಾಲದು. ಆ ಒಂದು ಹೆಸರಿನಡಿ ಹಲವು ಜಾತಿಗಳು ಮಾರಾಟವಾಗುತ್ತವೆ, ಮಲಯಾಳದ ‘ಕೋರ’ ಎಂಬ ಹೆಸರಿನದೂ ಅದೇ ಹಣೆಬರಹ. ತಲೆ ಕತ್ತರಿಸುವ ಮೊದಲು ಇಡೀ ಮೀನಿನ ಒಂದು ಫೋಟೊ ಮೊಬೈಲಿನಲ್ಲಿ ತೆಗೆಯಿರಿ, ಪಕ್ಕದಲ್ಲಿ ಸ್ಕೇಲು ಇರಲಿ. ವಿವರಗಳನ್ನು ಪೆನ್ಸಿಲಿನಲ್ಲಿ ಬರೆಯಿರಿ. ಮೀನು ಮುಟ್ಟಿದ ಒದ್ದೆ ಕೈ ತಾಗಿದರೆ ಪೆನ್ನಿನ ಶಾಯಿ ಹರಡುತ್ತದೆ.